ಮಂಗಳೂರಲ್ಲಿ ಪುಕ್ಕಟೆ ಸಿಗುವ ಮಲೇರಿಯಾ ಮಾತ್ರೆ: ಔಷಧ ಒಳ್ಳೆಯದು, ವಿವರಣೆ ಸಾಲದು

ಮಂಗಳೂರಲ್ಲಿ ಮಳೆಗಾಲದಲ್ಲಿ ಚಳಿಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತಾರಲ್ಲ, ಮಾಡಿಸಿದೆ, ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ, ಕ್ಲೋರೋಕ್ವಿನ್, ಪ್ರೈಮಾಕ್ವಿನ್ ಎಲ್ಲವೂ ಪುಕ್ಕಟೆ. ಈ ವಿಷಯದಲ್ಲಿ ದೂರೇ ಇಲ್ಲ.

ಕ್ಲೋರೋಕ್ವಿನ್ 3 ದಿನದ ಕೋರ್ಸ್. ವಿಪರೀತ ಕಹಿ. ಖಾಲಿ ಹೊಟ್ಟೆಗೆ ನುಂಗಬೇಡಿ, ವಾಂತಿ ಗ್ಯಾರಂಟಿ. ಆದರೆ ಜ್ವರ ಬೇಗ ಇಳಿಯಿತು.

ಪೂರ್ತಿ ಕ್ರೆಡಿಟ್ ಮಾತ್ರೆಗೇ ಕೊಡಬೇಡಿ. ಮಾತ್ರೆಯಿಂದ ಸತ್ತ, ಸೊರಗಿದ ರೋಗಾಣುಗಳನ್ನು ರಕ್ತದಿಂದ ತೆಗೆದುಹಾಕುವುದು ನಮ್ಮ ಗುಲ್ಮ, ಅಂದರೆ ಸ್ಪ್ಲೀನ್. ರೋಗಾಣುವಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯಗಳ, ಅಂದರೆ ಆಂಟಿಬಾಡಿಗಳ ಪಾತ್ರವೂ ದೊಡ್ಡದು. ಆಫ್ರಿಕಾದ ಗ್ಯಾಂಬಿಯಾದಲ್ಲಿ, ಚಿಕ್ಕಂದಿನಿಂದ ಮತ್ತೆ ಮತ್ತೆ ಮಲೇರಿಯಾ ಬಂದು ಗಟ್ಟಿಯಾದ ದೊಡ್ಡವರ ರಕ್ತದಿಂದ ಪ್ರತಿಕಾಯ ತೆಗೆದು, ಕಾಯಿಲೆ ಬಿದ್ದ ಮಕ್ಕಳಿಗೆ ಕೊಟ್ಟು ನೋಡಿದ್ದರು. 1961ರಲ್ಲಿ ಅದರ ವರದಿ ಬಂತು. ಮಕ್ಕಳ ರಕ್ತದಲ್ಲಿ ರೋಗಾಣು ಭಾರೀ ಕಡಿಮೆಯಾಗಿತ್ತು! ಅಂಥ ಊರಿನ ದೊಡ್ಡವರಿಗೆ, ರೋಗಾಣು ಒಗ್ಗಿಕೊಂಡು ಶಕ್ತಿ ಸ್ವಲ್ಪ ಕುಂದಿದ ಔಷಧವೂ ಕೆಲಸ ಮಾಡುವುದುಂಟು. ನಾವು ಫ್ಲಾಟಿನಲ್ಲಿ ಬೆಳೆದವರು, ನಮಗೆಲ್ಲಿಂದ ಬರಬೇಕು ಆ ಬಲ? ಅದಕ್ಕೇ ಅರ್ಧಕ್ಕೆ ಮಾತ್ರೆ ಬಿಡುವ ಆಟ ಬೇಡ.

ಈಗ ಪ್ರೈಮಾಕ್ವಿನ್. ನನ್ನ ತಕರಾರು ಇಲ್ಲೇ. ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ಮಲಗಿಬಿಡುತ್ತದೆ, ಕ್ಲೋರೋಕ್ವಿನ್ ಅದನ್ನು ಮುಟ್ಟಲ್ಲ, ನಮ್ಮ ರೋಗನಿರೋಧಕ ಶಕ್ತಿಗೂ ಅದು ಸುಲಭಕ್ಕೆ ಸಿಗಲ್ಲ, ವಾರಗಳೋ ತಿಂಗಳುಗಳೋ ಆದಮೇಲೆ ಸೊಳ್ಳೆ ಕಚ್ಚದಿದ್ದರೂ ಎದ್ದು ಬರುತ್ತದೆ. ಅದಕ್ಕೇ 14 ದಿನದ ಮಾತ್ರೆ. ಇದನ್ನು ಕೌಂಟರಿನಲ್ಲಿ ಯಾರೂ ಹೇಳಲಿಲ್ಲ, "ಊಟ ಆದ ಮೇಲೆ ತಗೊಳ್ಳಿ" ಅಂತ ಸ್ಟ್ರಿಪ್ ಕೈಗಿಟ್ಟರು, ಅಷ್ಟೇ. ಜ್ವರ ಬಿಟ್ಟ ಮೇಲೂ ಸುಮ್ನೆ ಅಷ್ಟು ದಿನ ಮಾತ್ರೆ ನುಂಗುವವರು ಯಾರು, ಹೇಳಿ? ಕೆಂಪು ರಕ್ತಕಣವನ್ನು ಕಾಪಾಡುವ ಜಿ-ಸಿಕ್ಸ್-ಪಿಡಿ ಅನ್ನೋ ಕಿಣ್ವದ ಕೊರತೆ ಇದೆಯಾ ಅಂತಲೂ ಕೇಳಲಿಲ್ಲ. ಆ ಕೊರತೆ ಇದ್ದವರಿಗೆ ಇದೇ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯಬಹುದು. ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಓಡಿ. ಬಸುರಿಯರಿಗಂತೂ ಇದನ್ನು ಕೊಡಲೇಬಾರದು.

ಔಷಧಕ್ಕೆ ಐದಕ್ಕೆ ಐದು, ಕೌಂಟರಿಗೆ ಎರಡು. ಕವರಿನ ಮೇಲೆ 14 ಚೌಕ ಮುದ್ರಿಸಿ, ದಿನಾ ಒಂದು ಗೀಟು ಹಾಕಿ ಅಂದಿದ್ದರೆ ಇನ್ನೊಂದು ಸ್ಟಾರ್ ಕೊಡುತ್ತಿದ್ದೆ.