ಪಾರ್ಟ್ ಲೋಡ್‌ನಲ್ಲಿ ಮನೆ ಸಾಗಣೆ: ಅಗ್ಗ ಹೌದು, ಯಾರಿಗೆ ಲಾಭ?

ಊರಿಂದೂರಿಗೆ ಮನೆ ಬದಲಿಸುವವರ ಮುಂದೆ ಪ್ಯಾಕರ್ಸ್ ಕಂಪನಿಗಳು ಎರಡು ದಾರಿ ಇಡುತ್ತವೆ. ಒಂದು ಫುಲ್ ಲೋಡ್: ಲಾರಿ ಇಡೀ ನಿಮ್ಮದೇ, ಹತ್ತಿಸಿದ ಸಾಮಾನು ಅದೇ ಲಾರಿಯಿಂದ ಇಳಿಯುತ್ತದೆ. ಇನ್ನೊಂದು ಪಾರ್ಟ್ ಲೋಡ್: ಅದೇ ದಿಕ್ಕಿಗೆ ಹೋಗುವ ನಾಲ್ಕಾರು ಮನೆಗಳ ಸಾಮಾನು ಒಂದೇ ಲಾರಿಯಲ್ಲಿ, ಬಾಡಿಗೆ ಅವರವರು ಹಿಡಿದ ಜಾಗಕ್ಕೆ ತಕ್ಕಂತೆ. ಇಲ್ಲಿ ತೂಗಿ ನೋಡಿರುವುದು ಈ ಎರಡನೆಯದನ್ನು. ತೀರ್ಪು ಮೊದಲೇ ಹೇಳಿಬಿಡಬಹುದು. ಸಾಮಾನು 250 ಘನ ಅಡಿಯೊಳಗಿದ್ದು, ಎರಡು ವಾರ ಅದಿಲ್ಲದೆ ದಿನ ದೂಡಬಲ್ಲವರಿಗೆ ಈ ಸೇವೆ ಐದಕ್ಕೆ ನಾಲ್ಕು ಅಂಕದ್ದು. ದೊಡ್ಡ ಸಂಸಾರಕ್ಕೆ, ತಲುಪಿದ ಮರುದಿನವೇ ಅಡುಗೆಮನೆ ನಡೆಯಬೇಕಾದವರಿಗೆ, ಎರಡೂವರೆ ಕೊಟ್ಟರೂ ಧಾರಾಳವಾಯಿತು.

ಈ ಸೇವೆಯಲ್ಲಿ ದುಡ್ಡು ಉಳಿಯುವುದು ಚೌಕಾಸಿಯಿಂದಲ್ಲ, ಘನ ಅಡಿ ಇಳಿಸುವುದರಿಂದ. ಹಾಗಾಗಿ ಫೋನ್ ಎತ್ತುವ ಮುಂಚೆ ಟೇಪು ಕೈಗೆತ್ತಿಕೊಳ್ಳಬೇಕು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 28,317ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 60 × 65 × 170 ಅಳತೆಯ ಫ್ರಿಜ್ಜು ಹೀಗೆ 23 ಘನ ಅಡಿ. ಅದಕ್ಕೆ ಬಬಲ್ ರ‍್ಯಾಪ್ ಸುತ್ತಿ, ಮೇಲೆ ರಟ್ಟಿನ ಹಾಳೆ ಬಿಗಿದು, ಪ್ರತಿ ಬದಿಗೆ ಎರಡೂವರೆ ಸೆಂಟಿಮೀಟರ್ ದಪ್ಪ ಏರಿತು ಎನ್ನಿ: ಅಳತೆ 65 × 70 × 175, ಅಂದರೆ 28 ಘನ ಅಡಿ. ಬರೀ ಹೊದಿಕೆಯಿಂದ ಐದನೇ ಒಂದು ಭಾಗ ಹೆಚ್ಚಾಯಿತು. ಕಂಪನಿಯ ಸರ್ವೆಯವರು ಮನೆಗೆ ಬಂದು ಬರೆದುಕೊಳ್ಳುವುದು ಬರಿಮೈ ಅಳತೆ, ಬಿಲ್ಲು ಬರುವುದು ಪ್ಯಾಕ್ ಆದ ಮೇಲಿನ ಅಳತೆಗೆ. ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ಕೊಟೇಶನ್ನಿನಲ್ಲಿ ಯಾವ ಅಳತೆ ಎಂದು ಬರೆಸಿಕೊಳ್ಳದಿದ್ದರೆ ಆಮೇಲೆ ವಾದಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ಸಣ್ಣ ಮನೆಯ ಲೆಕ್ಕ ನೋಡೋಣ. ಪ್ಯಾಕ್ ಆದ ಫ್ರಿಜ್ಜು 28, ವಾಷಿಂಗ್ ಮಷೀನು 13, ಇಬ್ಬರು ಮಲಗುವ ಹಾಸಿಗೆ 21, ಮೂವರು ಕೂರುವ ಸೋಫಾ 57, ಸಣ್ಣ ರಟ್ಟಿನ ಪೆಟ್ಟಿಗೆ 30ಕ್ಕೆ 43, ದೊಡ್ಡ ಪೆಟ್ಟಿಗೆ 10ಕ್ಕೆ 43. ಒಟ್ಟು 205. ಇದರಲ್ಲಿ ಸೋಫಾ ಒಂದೇ ಕಾಲು ಭಾಗಕ್ಕಿಂತ ಹೆಚ್ಚು ತಿನ್ನುತ್ತಿದೆ, ಅದೂ ಒಳಗೆ ಬರೀ ಗಾಳಿ ತುಂಬಿಕೊಂಡು. ಪ್ರತಿ ದೊಡ್ಡ ವಸ್ತುವಿಗೂ ಅದರ ಘನ ಅಡಿಯನ್ನು ಕಂಪನಿಯ ದರದಿಂದ ಗುಣಿಸಿ, ಬಂದ ಮೊತ್ತವನ್ನು ಆ ವಸ್ತುವಿನ ಇವತ್ತಿನ ಮಾರಾಟ ಬೆಲೆಯ ಪಕ್ಕ ಇಟ್ಟು ನೋಡಿದರೆ ಯಾವುದು ಲಾರಿ ಹತ್ತಬೇಕು, ಯಾವುದು ಬೇಡ ಎಂಬುದು ತಾನೇ ಗೊತ್ತಾಗುತ್ತದೆ. ಪಾರ್ಟಿಕಲ್ ಬೋರ್ಡಿನ ಕಪಾಟು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಫೇಲು. ಒಮ್ಮೆ ಸ್ಕ್ರೂ ಬಿಚ್ಚಿದ ರಂಧ್ರದ ಸುತ್ತ ಬೋರ್ಡು ಪುಡಿಯಾಗಿ ಎರಡನೇ ಸಲ ಹಿಡಿತ ಕೊಡುವುದಿಲ್ಲ; ಬಿಚ್ಚದೆ ಸಾಗಿಸಿದರೆ ಕುಲುಕಾಟಕ್ಕೆ ಮೂಲೆ ಸಡಿಲ. ಗಟ್ಟಿ ಮರದ ಮಂಚಕ್ಕೆ ಈ ಕಾಟವಿಲ್ಲ. ಬಿಚ್ಚಿದರೆ ಹಲಗೆಗಳು ಅಂಚಿನ ಮೇಲೆ ನಿಂತು ಲಾರಿಯ ಗೋಡೆಗೆ ಒರಗಿಕೊಳ್ಳುತ್ತವೆ.

ಕೆಲವು ಕಂಪನಿಗಳು ಘನ ಅಡಿ ಬಿಟ್ಟು ಕಿಲೋ ಲೆಕ್ಕ ಹೇಳುತ್ತವೆ. ಕಡಿಮೆ ಅನಿಸುತ್ತದೆ, ಆದರೆ ನಿಜವಾದ ತೂಕ ಮತ್ತು ಗಾತ್ರದಿಂದ ಲೆಕ್ಕ ಹಾಕಿದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. 60 ಸೆಂಟಿಮೀಟರಿನ ಚೌಕ ಪೆಟ್ಟಿಗೆಯಲ್ಲಿ ದಿಂಬು ತುಂಬಿದರೆ ತಕ್ಕಡಿಯಲ್ಲಿ 6 ಕಿಲೋ ಇರಬಹುದು. ಅದರ ಘನ ಸೆಂಟಿಮೀಟರಿಗೆ 5000ರ ಭಾಜಕ ಹಾಕಿದರೆ, ಅಂದರೆ 5000ರಿಂದ ಭಾಗಿಸಿದರೆ, ಕಾಗದದ ಮೇಲೆ ಅದು 43.2 ಕಿಲೋ. ಭಾಜಕ ಎಷ್ಟು ಎಂಬ ಒಂದೇ ಪ್ರಶ್ನೆ ಕೇಳಿದರೆ ದರ ಅಗ್ಗವೋ ಅಲ್ಲವೋ ತಿಳಿಯುತ್ತದೆ.

ಮೂರು ಕೊಟೇಶನ್ ತರಿಸುವುದು ಎಲ್ಲರಿಗೂ ಗೊತ್ತು. ಮೂವರಿಗೂ ಒಂದೇ ಪಟ್ಟಿ ಕೊಡುವುದನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಒಬ್ಬರು 180 ಘನ ಅಡಿಗೆ, ಇನ್ನೊಬ್ಬರು 240ಕ್ಕೆ ದರ ಹೇಳಿದರೆ ಹೋಲಿಕೆಗೆ ಅರ್ಥವಿಲ್ಲ. ಮನೆ ನೋಡದೆ, ವಿಡಿಯೊದಲ್ಲೂ ನೋಡದೆ, ಫೋನಿನಲ್ಲೇ ಎಲ್ಲರಿಗಿಂತ ಬಹಳ ಕಡಿಮೆ ಮೊತ್ತ ಹೇಳಿದವರನ್ನು ಅಲ್ಲಿಗೇ ಕೈಬಿಡುವುದು ಒಳ್ಳೆಯದು. ಆ ಮೊತ್ತ ಸಾಮಾನು ಹತ್ತಿಸಿದ ಮೇಲೆ ಏರುತ್ತದೆ, ಆಗ ಸಾಮಾನು ಅವರ ಕೈಯಲ್ಲಿರುತ್ತದೆ. ಮೆಟ್ಟಿಲಿಗೆ ಮಹಡಿ ಲೆಕ್ಕದ ಚಾರ್ಜು, ಲಾರಿ ಬಾಗಿಲವರೆಗೆ ಬಾರದಿದ್ದರೆ ಹೊತ್ತು ತರುವ ದೂರದ ಚಾರ್ಜು, ಓಣಿ ಕಿರಿದಾದರೆ ಸಣ್ಣ ಗಾಡಿಗೆ ಬದಲಿಸುವ ಚಾರ್ಜು, ಲಿಫ್ಟ್ ಸಿಗದೆ ಕಾಯಿಸಿದರೆ ಗಂಟೆ ಲೆಕ್ಕ, ಹೊಸ ಮನೆ ಕೀಲಿ ತಡವಾದರೆ ಗೋದಾಮಿನ ದಿನ ಲೆಕ್ಕ: ಈ ಐದನ್ನೂ ಎರಡೂ ಊರಿನ ವಿಳಾಸ ಹಿಡಿದು ಒಂದೊಂದಾಗಿ ಕೇಳಿ ಬರೆಸಬೇಕು. ಹಳೆ ಮನೆಯದು ಕಣ್ಣೆದುರೇ ಇರುತ್ತದೆ. ಎಡವುವುದು ಹೊಸ ಮನೆಯಲ್ಲಿ. ಅಲ್ಲಿನ ಲಿಫ್ಟಿನ ಬಾಗಿಲ ಅಗಲ, ಲಾರಿ ಒಳಗೆ ಬಿಡುವ ಹೊತ್ತು, ಗೇಟಿನ ಎತ್ತರ, ಇವನ್ನು ಯಾರಿಂದಲಾದರೂ ಅಳೆಸಿ ತರಿಸಿಕೊಳ್ಳಿ.

ಈಗ ಈ ಸೇವೆಯ ನಿಜವಾದ ಕೊರತೆಗೆ ಬರೋಣ. ಫುಲ್ ಲೋಡ್‌ನಲ್ಲಿ ಸಾಮಾನಿಗೆ ಕೈ ತಾಗುವುದು ಎರಡೇ ಸಲ, ಹತ್ತಿಸುವಾಗ ಮತ್ತು ಇಳಿಸುವಾಗ. ಪಾರ್ಟ್ ಲೋಡ್‌ನಲ್ಲಿ ಮನೆಯಿಂದ ಸಣ್ಣ ಗಾಡಿಗೆ, ಅಲ್ಲಿಂದ ಗೋದಾಮಿಗೆ, ಗೋದಾಮಿನಿಂದ ದೊಡ್ಡ ಲಾರಿಗೆ, ಆಚೆ ಊರಿನಲ್ಲಿ ಇದೇ ಸರಣಿ ಹಿಂದುಮುಂದಾಗಿ. ಪೆಟ್ಟು ಬೀಳುವುದು ರಸ್ತೆಯ ಗುಂಡಿಗಿಂತ ಈ ಕೈಬದಲಾವಣೆಯಲ್ಲೇ ಹೆಚ್ಚು. ಅದರ ಜೊತೆಗೆ, ಲಾರಿ ತುಂಬಿದಾಗಲೇ ಹೊರಡುವುದು. ಸೇಲ್ಸಿನವರು ನಾಲ್ಕು ದಿನ ಎಂದದ್ದು ಲಾರಿ ಹೊರಟ ಮೇಲಿನ ನಾಲ್ಕು ದಿನ. ಹೊರಡುವ ದಿನ ಎಂದು ಎಂಬುದಕ್ಕೆ ಉತ್ತರ ಇರುವುದಿಲ್ಲ. ತಲುಪುವ ದಿನಕ್ಕೆ ಕೊನೆಯ ಗಡುವು, ಅದು ಮೀರಿದರೆ ದಿನಕ್ಕೆ ಇಂತಿಷ್ಟು ಕಡಿತ ಎಂಬ ಸಾಲು ಕರಾರಿನಲ್ಲಿ ಸಿಕ್ಕಿದರೆ ಆ ಕಂಪನಿಗೆ ಸ್ವಲ್ಪ ಹೆಚ್ಚು ಕೊಡಲು ಅಡ್ಡಿಯಿಲ್ಲ.

ಕೈಬದಲಾವಣೆ ಹೆಚ್ಚು ಎಂದ ಮೇಲೆ ಪ್ಯಾಕಿಂಗೂ ಅದಕ್ಕೆ ತಕ್ಕಂತಿರಬೇಕು. ಪುಸ್ತಕಕ್ಕೆ 45 × 30 × 30ರ ಸಣ್ಣ ಪೆಟ್ಟಿಗೆ ಮಾತ್ರ. ತುಂಬಿದರೆ ಅದೇ 25 ಕಿಲೋ ಹತ್ತಿರ ಬರುತ್ತದೆ. ಇದರ ಮೂರು ಪಟ್ಟು ಗಾತ್ರದ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಎತ್ತಿದವರ ಬೆನ್ನೋ ಪೆಟ್ಟಿಗೆಯ ತಳವೋ, ಒಂದು ಹೋಗುವುದು ಖಂಡಿತ. ತಳದ ಸೀಳಿಗೆ ಒಂದು ಪಟ್ಟಿ ಟೇಪು ಸಾಲದು, ಉದ್ದಕ್ಕೆ ಎರಡು ಪಟ್ಟಿ, ಅಡ್ಡಕ್ಕೆ ಒಂದು. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದರೆ ಕುಲುಕಿದಾಗ ಮೇಲಿನ ಭಾರ ಕೆಳಗಿನದನ್ನು ಒಡೆಯುವುದಿಲ್ಲ. ಮೇಜಿನ ಗಾಜು, ಕನ್ನಡಿ, ಟಿವಿ, ಮೂರೂ ನಿಂತೇ ಪ್ರಯಾಣ ಮಾಡಬೇಕು. ಮಲಗಿಸಿದರೆ ಮಧ್ಯಭಾಗ ತನ್ನ ಭಾರಕ್ಕೇ ಬಾಗಿ, ಲಾರಿ ಕುಲುಕಿದಷ್ಟೂ ಹೆಚ್ಚು ಬಾಗಿ, ಬಿರುಕು ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯನ್ನು ಎತ್ತಿ ಅಲುಗಾಡಿಸಿದಾಗ ಒಳಗಿಂದ ಸದ್ದು ಬಂದರೆ ಅದು ಇನ್ನೂ ಪ್ಯಾಕ್ ಆಗಿಲ್ಲ ಎಂದೇ ಲೆಕ್ಕ.

ಮುಂಬಾಗಿಲಿನ ವಾಷಿಂಗ್ ಮಷೀನಿಗೆ ಹಿಂಭಾಗದಲ್ಲಿ ಟ್ರಾನ್ಸಿಟ್ ಬೋಲ್ಟ್ ಹಾಕುವ ರಂಧ್ರಗಳಿರುತ್ತವೆ, ಮಾದರಿಗೆ ತಕ್ಕಂತೆ ಮೂರೋ ನಾಲ್ಕೋ. ಮಷೀನು ಕೊಂಡಾಗ ಬಿಚ್ಚಿಟ್ಟ ಆ ಬೋಲ್ಟುಗಳನ್ನು ಮತ್ತೆ ಹಾಕದಿದ್ದರೆ ಸ್ಪ್ರಿಂಗುಗಳ ಮೇಲೆ ತೂಗುವ ಡ್ರಮ್ಮು ದಾರಿಯುದ್ದಕ್ಕೂ ಬಡಿದುಕೊಂಡು ಸಸ್ಪೆನ್ಷನ್ ಹಾಳು. ಕಳೆದಿದ್ದರೆ ಆ ಮಾದರಿಯ ಬಿಡಿಭಾಗವಾಗಿ ತರಿಸಬೇಕು. ಈ ಕೆಲಸ ಮೂರು ವಾರ ಮುಂಚೆಯೇ ಆಗಬೇಕು. ಸಾಗಿಸುವ ಮುನ್ನ ಕೆಳಗಿನ ಫಿಲ್ಟರ್ ತೆರೆದು ಉಳಿದ ನೀರನ್ನೂ ಬಸಿದುಬಿಡಿ, ಇಲ್ಲವಾದರೆ ಆ ನೀರು ಪಕ್ಕದ ಹಾಸಿಗೆಗೆ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಬಾಗಿಲು ತೆರೆದಿಟ್ಟು ಒಣಗಿಸಬೇಕು. ಮಲಗಿಸಿ ತಂದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ನಿಲ್ಲಿಸಿ ಒಂದು ದಿನ ಬಿಟ್ಟೇ ಸ್ವಿಚ್ ಹಾಕುವುದು ಕ್ಷೇಮ. ಸ್ಪ್ಲಿಟ್ ಎಸಿಯ ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಂಡು ಆಮೇಲೆ ಪೈಪು ಬಿಚ್ಚಬೇಕು. ಸಾಗಣೆಯವರಿಗೆ ಇದು ಬರುವುದು ಅಪರೂಪ, ಮೆಕ್ಯಾನಿಕ್‌ಗೆ ಬೇರೆ ಖರ್ಚು ಹಿಡಿಯಿರಿ. ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಥಿನ್ನರ್, ಸ್ಪ್ರೇ ಡಬ್ಬಿಗಳನ್ನು ಲಾರಿಗೆ ಹಾಕುವಂತಿಲ್ಲ. ಬೈಕಿದ್ದರೆ ಟ್ಯಾಂಕು ಖಾಲಿ, ಬ್ಯಾಟರಿ ತಂತಿ ಬಿಚ್ಚಿ, ಕನ್ನಡಿ ಕಳಚಿ, ಮೀಟರಿನ ಫೋಟೊ ತೆಗೆದು ಕೊಡಿ.

ವಿಮೆಯ ವಿಷಯದಲ್ಲಿ ಈ ಉದ್ಯಮಕ್ಕೆ ಅಂಕ ಕೊಡಲು ಮನಸ್ಸು ಬರುವುದಿಲ್ಲ. ಕೊಟೇಶನ್ನಿನಲ್ಲಿ ವಿಮೆ ಎಂದು ಬರೆದಿರುವುದು ಹಲವು ಸಲ ಕಂಪನಿಯ ಸ್ವಂತ ಹೊಣೆ ಮಾತ್ರ, ಅದಕ್ಕೆ ಬಹಳ ಕೆಳಗಿನ ಮಿತಿ ಇರುತ್ತದೆ. ವಿಮಾ ಕಂಪನಿಯ ಪಾಲಿಸಿಯ ಪ್ರತಿ ನಿಮ್ಮ ಹೆಸರಿನಲ್ಲಿ ಕೈಗೆ ಬಂದರಷ್ಟೇ ಅದು ವಿಮೆ. ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ತೋರಿಸುವುದೂ ದುಬಾರಿಯೇ. 100ರ ಸಾಮಾನನ್ನು 60 ಎಂದು ತೋರಿಸಿ, 20ರಷ್ಟು ಹಾನಿಯಾದರೆ, ಪಾಲಿಸಿಯಲ್ಲಿ ಸರಾಸರಿ ನಿಯಮ (ತೋರಿಸಿದ ಬೆಲೆ ನಿಜ ಬೆಲೆಯ ಎಷ್ಟು ಪಾಲೋ, ಪರಿಹಾರವೂ ಹಾನಿಯ ಅಷ್ಟೇ ಪಾಲು) ಇದ್ದಲ್ಲಿ ಸಿಗುವುದು 12, ಅದರಲ್ಲೂ ನೀವೇ ಭರಿಸಬೇಕಾದ ಕಡಿತ ಹೋಗಿ. ನೀವೇ ಪ್ಯಾಕ್ ಮಾಡಿದ ಪೆಟ್ಟಿಗೆಯೊಳಗಿನ ಒಡಕು, ಹೊರಗೆ ಗಾಯವಿಲ್ಲದೆ ಯಂತ್ರ ಕೆಟ್ಟದ್ದು, ಇವೆರಡನ್ನೂ ಬಹುತೇಕ ಪಾಲಿಸಿಗಳು ಹೊರಗಿಡುತ್ತವೆ. ಆದ್ದರಿಂದ ಬಟ್ಟೆ, ಪುಸ್ತಕ ನೀವು ತುಂಬಿ. ಗಾಜು, ಪಿಂಗಾಣಿ, ಯಂತ್ರಗಳನ್ನು ಅವರ ಕೈಯಿಂದಲೇ ಪ್ಯಾಕ್ ಮಾಡಿಸಿ. ಒಡವೆ, ದಾಖಲೆಪತ್ರ, ಲ್ಯಾಪ್‌ಟಾಪ್ ನಿಮ್ಮ ಜೊತೆ ಬರಲಿ.

ಬಜೆಟ್ಟಿನಲ್ಲಿ ಲಾರಿ ಬಾಡಿಗೆಯನ್ನಷ್ಟೇ ಬರೆದವರು ಮಧ್ಯದಲ್ಲಿ ಸಿಕ್ಕಿಬೀಳುತ್ತಾರೆ. ಲಾರಿಗೆ ಮುಂಚಿನ ಖರ್ಚು, ಲಾರಿ ದಿನದ್ದು, ತಲುಪಿದ ನಂತರದ್ದು ಎಂದು ಮೂರು ಕಾಲಂ ಎಳೆದರೆ ಕೈಯಲ್ಲಿ ಯಾವಾಗ ಎಷ್ಟು ದುಡ್ಡು ಬೇಕು ಎಂಬುದು ಕಾಣುತ್ತದೆ. ಹೊಸ ಮನೆಯ ಮುಂಗಡ ಮೊದಲ ಕಾಲಂನಲ್ಲಿ, ಹಳೆ ಮನೆಯ ಮುಂಗಡ ವಾಪಸ್ಸು ಬರುವುದು ಮೂರನೆಯದರಲ್ಲಿ. ಈ ನಡುವಿನ ಹಳ್ಳ ಲಾರಿ ಬಾಡಿಗೆಗಿಂತ ದೊಡ್ಡದಿರಬಹುದು. ಎರಡೂ ಮನೆಗೆ ಬಾಡಿಗೆ ಕಟ್ಟುವ ದಿನಗಳು, ಸಾಮಾನು ಬರುವವರೆಗಿನ ಊಟ ವಸತಿ, ಎಸಿ ಮತ್ತು ಗೀಸರ್ ಮರುಜೋಡಣೆ, ಮೇಲೆ ಅನಿರೀಕ್ಷಿತ ಖರ್ಚಿಗೆಂದು ಶೇಕಡಾ 15 ಮೀಸಲು. ಇಷ್ಟೆಲ್ಲ ಕೂಡಿಸಿ ಫುಲ್ ಲೋಡ್ ದರದ ಪಕ್ಕ ಇಟ್ಟಾಗ, ಹತ್ತು ದಿನ ಕಾಯುವ ಖರ್ಚು ಪಾರ್ಟ್ ಲೋಡ್‌ನ ಉಳಿತಾಯವನ್ನು ನುಂಗಿಬಿಡುವುದೂ ಉಂಟು. 14 × 6 × 6 ಅಡಿಯ ಲಾರಿಯ ಒಳಗೆ 504 ಘನ ಅಡಿ ಇದೆ, ಸಂದುಗೊಂದು ಬಿಟ್ಟರೆ 400 ಆಸುಪಾಸು ಬಳಕೆಗೆ ಸಿಗುತ್ತದೆ. ನಿಮ್ಮದೇ 270 ದಾಟಿದರೆ ಲಾರಿ ಪೂರ್ತಿ ಹಿಡಿಯುವ ಕೊಟೇಶನ್ ತರಿಸದೆ ಒಪ್ಪಬೇಡಿ. ತಿಂಗಳ ಕೊನೆಯ ದಿನಗಳಲ್ಲಿ ಎಲ್ಲರ ಬಾಡಿಗೆ ಕರಾರು ಒಟ್ಟಿಗೆ ಮುಗಿಯುವುದರಿಂದ ದರ ಏರುತ್ತದೆ. ತಿಂಗಳ ನಡುವೆ, ಶನಿವಾರ ಭಾನುವಾರ ಬಿಟ್ಟು ಒಂದು ದಿನ ಸಿಕ್ಕರೆ ಒಳ್ಳೆಯದು.

ಲಾರಿ ದಿನದ ಕೆಲಸ ಇಷ್ಟೇ. ಪ್ರತಿ ನಗಕ್ಕೂ, ಅಂದರೆ ಪ್ರತಿ ಪೆಟ್ಟಿಗೆಗೂ ಬಿಡಿ ವಸ್ತುವಿಗೂ, ಸಂಖ್ಯೆ, ಅದೂ ಎರಡು ಬದಿಯಲ್ಲಿ, ಮಾರ್ಕರಿನಲ್ಲಿ. ಜೊತೆಗೆ ನಿಮ್ಮ ಹೆಸರಿನ ಮೊದಲಕ್ಷರ ಮತ್ತು ತಲುಪುವ ಊರು. ಪಾರ್ಟ್ ಲೋಡ್‌ನಲ್ಲಿ ಇನ್ನೊಬ್ಬರ 17ನೇ ಪೆಟ್ಟಿಗೆಯೂ ಅದೇ ಲಾರಿಯಲ್ಲಿರುತ್ತದೆ. ಪಟ್ಟಿಯಲ್ಲಿ ಅವರು ಎಲ್ಲದರ ಮುಂದೆ ‘ಗೀರಿದೆ’ ಎಂದು ಬರೆದುಕೊಳ್ಳುವ ಅಭ್ಯಾಸ ಇದೆ. ಗೀರಿಲ್ಲದ್ದರ ಮುಂದೆ ಹೊಡೆದುಹಾಕಿಸಿ, ಫೋಟೊ ತೆಗೆದಿಡಿ. ಇಳಿಸುವಾಗ ಒಬ್ಬರು ಬಾಗಿಲಲ್ಲಿ ಪಟ್ಟಿ ಹಿಡಿದು ಸಂಖ್ಯೆ ಗುರುತು ಹಾಕಲಿ, ಇನ್ನೊಬ್ಬರು ಒಳಗೆ ಜಾಗ ತೋರಿಸಲಿ. ರಸೀದಿಗೆ ಸಹಿ ಹಾಕುವ ಮುನ್ನ ನಜ್ಜುಗುಜ್ಜಾದ ಪೆಟ್ಟಿಗೆಗಳನ್ನು ಅವರೆದುರೇ ಬಿಚ್ಚಿ, ಒಡೆದದ್ದನ್ನೂ ಬಾರದ್ದನ್ನೂ ಸಂಖ್ಯೆ ಸಮೇತ ಅದೇ ರಸೀದಿಯ ಮೇಲೆ ಬರೆಯಿರಿ. ಲಾರಿಯವರು ಹೊತ್ತಾಯಿತು ಎಂದು ಅವಸರ ಮಾಡಿದರೆ, ‘ಒಳಗಿನದು ಪರಿಶೀಲಿಸಿಲ್ಲ’ ಎಂಬ ಒಂದು ಸಾಲಾದರೂ ಸಹಿಯ ಮೇಲೆ ಇರಲಿ, ಬಿಚ್ಚದೆ ಉಳಿದ ಪೆಟ್ಟಿಗೆಗಳನ್ನು ಅದೇ ದಿನ ಬಿಚ್ಚಿ ನೋಡಿ.