ಪ್ರಾಗ್‌ನಲ್ಲಿ ಗುಂಡು ಹೊಡೆಯಲು ಹೋದರೆ ದೊಡ್ಡ ಪ್ಯಾಕೇಜ್ ತಗೋಬೇಡಿ

ಮೊದಲೇ ಹೇಳಿಬಿಡುತ್ತೇನೆ. ಚೆಕ್ ದೇಶದ ಪ್ರಾಗ್‌ಗೆ ಹೋದಾಗ ಶೂಟಿಂಗ್ ರೇಂಜ್, ಅಂದರೆ ದುಡ್ಡು ಕೊಟ್ಟು ನಿಜವಾದ ಗನ್ ಹೊಡೆಯುವ ಜಾಗ, ನೋಡಬೇಕು ಅಂತ ಆಸೆ ಇದ್ದರೆ ಖಂಡಿತ ಹೋಗಿ. ಆದರೆ ಎಂಟು ಗನ್, ಹತ್ತು ಗನ್ ಅಂತ ಜಾಹೀರಾತಿನಲ್ಲಿ ಮಿಂಚುವ ದೊಡ್ಡ ಪ್ಯಾಕೇಜ್ ಮಾತ್ರ ಬೇಡ. ಒಂದು ಪಿಸ್ತೂಲು, ಬೇಕಿದ್ದರೆ ಜೊತೆಗೊಂದು ರೈಫಲ್, ಉಳಿದ ದುಡ್ಡಿಗೆ ಗುಂಡು ತಗೊಳ್ಳಿ. ಅಲ್ಲಿ ನಿಜವಾಗಿ ದುಡ್ಡು ಕೊಡಬೇಕಾದದ್ದು ಗನ್‌ಗಳ ಲೆಕ್ಕಕ್ಕಲ್ಲ, ಪಕ್ಕದಲ್ಲಿ ನಿಂತು ಕಲಿಸುವ ಮನುಷ್ಯನಿಗೆ. ಇದು ನನಗೆ ಅಲ್ಲಿಗೆ ಹೋದ ಮೇಲೇ ಗೊತ್ತಾಗಿದ್ದು.

ಹೋಗಿದ್ದು ಮೂವರು. ನಾನು, ನನ್ನ ಗಂಡ, ಅವರ ಅಣ್ಣನ ಮಗ. ಹುಡುಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಾನೆ. ಅಲ್ಲಿಂದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ದಾರಿಯ ಒಳ್ಳೆ ಭಾಗ ಎಲ್ಬೆ ನದಿಯ ಪಕ್ಕದಲ್ಲೇ. ಕೋಟೆ, ಚಾರ್ಲ್ಸ್ ಸೇತುವೆ, ಹಳೇ ಗಡಿಯಾರದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಬಿಡಿ. ಶೂಟಿಂಗ್ ಯೋಚನೆ ಹುಡುಗನದು. ಪಬ್‌ಜಿ ಆಡಿಯೇ ದೊಡ್ಡವನಾದವನು. ಗನ್‌ಗಳ ಹೆಸರೆಲ್ಲ ಬಾಯಿಪಾಠ.

ನನಗೂ ಒಳಗೊಳಗೇ ಆಸೆ ಇತ್ತು. ಹಾಸನದಲ್ಲಿ ಡಿಗ್ರಿ ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಕ್ಯಾಂಪಿನಲ್ಲಿ ನೆಲದ ಮೇಲೆ ಬೋರಲು ಮಲಗಿ .22 ರೈಫಲ್‌ನಿಂದ ಹೊಡೆಯುತ್ತಿದ್ದೆವು. ಗುಂಡುಗಳು ಎಲ್ಲಿ ಬಿದ್ದವು ಅನ್ನುವುದಕ್ಕಿಂತ ಒಂದರ ಪಕ್ಕ ಒಂದು ಬಿದ್ದವಾ ಅಂತ ಕಲಿಸುವ ಉಸ್ತಾದ್ ನೋಡುತ್ತಿದ್ದರು. ಅದಕ್ಕೆ ಗ್ರೂಪಿಂಗ್ ಅನ್ನುತ್ತಾರೆ. ಆಮೇಲೆ ಮದುವೆ, ಬ್ಯಾಂಕ್ ಕೆಲಸ. ಕೋವಿ ಮುಟ್ಟುವ ಮಾತೇ ಇರಲಿಲ್ಲ. ಅದೂ ಅಲ್ಲದೆ 9 ಎಂಎಂ ಪಿಸ್ತೂಲು ನಮ್ಮ ದೇಶದಲ್ಲಿ ಪ್ರೊಹಿಬಿಟೆಡ್ ಬೋರ್, ಅಂದರೆ ಜನಸಾಮಾನ್ಯರಿಗೆ ನಿಷೇಧಿಸಿದ ಅಳತೆ. ಪೊಲೀಸರ, ಸೈನಿಕರ ಸೊಂಟದಲ್ಲಿ ನೋಡಬಹುದು ಅಷ್ಟೇ. ಚೆಕ್ ದೇಶದಲ್ಲಿ ಹಾಗಲ್ಲ. ಲೈಸೆನ್ಸ್ ಇಲ್ಲದ ಪ್ರವಾಸಿ ಕೂಡ ರೇಂಜ್ ಒಳಗೆ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರೆ, ಹೊಡೆಯಬಹುದು. ಗನ್ ತಯಾರಿಕೆ ಅವರ ಹಳೇ ಉದ್ಯಮ. 2021ರಲ್ಲಿ, ಆತ್ಮರಕ್ಷಣೆಗೆ ಆಯುಧ ಬಳಸುವ ಹಕ್ಕನ್ನು ಸಂವಿಧಾನದ ಮಟ್ಟದಲ್ಲೇ ಸೇರಿಸಿಕೊಂಡ ದೇಶ ಅದು.

ನನ್ನ ಗಂಡ ಹೊಡೆಯಲಿಲ್ಲ. 2023ರ ಡಿಸೆಂಬರ್ 21ರಂದು ಅದೇ ಊರಿನ ಚಾರ್ಲ್ಸ್ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ ಒಬ್ಬ ವಿದ್ಯಾರ್ಥಿ 14 ಜನರನ್ನು ಗುಂಡಿಟ್ಟು ಕೊಂದ. ಅವನ ಹತ್ತಿರ ಇದ್ದವು ಕಾನೂನು ಪ್ರಕಾರವೇ ಪಡೆದ ಗನ್‌ಗಳು. ಆ ಕಟ್ಟಡ ವ್ಲ್ತಾವಾ ನದಿಯ ದಡದಲ್ಲೇ ಇದೆ. ಬೆಳಿಗ್ಗೆ ನಾವು ಅದರ ಮುಂದೆಯೇ ನಡೆದು ಬಂದಿದ್ದೆವು. "ನೀವಿಬ್ಬರೂ ಹೊಡೀರಿ, ನಾನು ಕೂತು ನೋಡ್ತೀನಿ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಇಂಥ ಕಡೆ ಬರಲು ಮನಸ್ಸಾಗದವರು ಇರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆ ಘಟನೆಯ ನಂತರ ಅಲ್ಲಿ ಗನ್ ಇಟ್ಟುಕೊಳ್ಳುವ ಕಾನೂನು ಬಿಗಿಯಾಗಿದೆ, 2026ರ ಜನವರಿ 1ರಿಂದ ಹೊಸ ಕಾಯಿದೆ ಬಂದಿದೆ. ಹಾಗಾಗಿ ಬುಕ್ ಮಾಡುವ ಮುಂಚೆ ಈಗಿನ ನಿಯಮ ಏನು, ಎಷ್ಟು ವಯಸ್ಸಾಗಿರಬೇಕು ಅಂತ ರೇಂಜ್‌ನವರನ್ನೇ ಕೇಳಿಕೊಳ್ಳಿ.

ಹೋಟೆಲ್ ಹತ್ತಿರಕ್ಕೇ ವ್ಯಾನ್ ಬಂತು. ಊರ ಹೊರಗೆ ಒಂದು ಗೋದಾಮಿನಂಥ ಕಟ್ಟಡ. ಬೋರ್ಡ್ ಕೂಡ ಚಿಕ್ಕದು. ಪಾಸ್‌ಪೋರ್ಟ್ ತೋರಿಸಿ, ಒಂದು ಕಾಗದಕ್ಕೆ ಸಹಿ ಹಾಕಬೇಕು. ಪಾಸ್‌ಪೋರ್ಟ್ ಮೂಲ ಪ್ರತಿಯೇ ಬೇಕು, ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ಕುಡಿದು ಬಂದವರಿಗೆ ಪ್ರವೇಶ ಇಲ್ಲ. ಪ್ರಾಗ್‌ನಲ್ಲಿ ಈ ನಿಯಮಕ್ಕೆ ಅರ್ಥ ಇದೆ. ಮದುವೆಗೆ ಮುಂಚೆ ಗೆಳೆಯರ ಜೊತೆ ಮಜಾ ಮಾಡಲು ಬರುವ ಇಂಗ್ಲೆಂಡಿನ ಹುಡುಗರ ದಂಡು ಆ ಊರಲ್ಲಿ ಯಾವಾಗಲೂ ಇರುತ್ತದೆ, ಬಿಯರ್ ಅಂತೂ ಅಗ್ಗ. ನಾವಿದ್ದಾಗ ಬಂದ ಅಂಥ ಒಂದು ಗುಂಪಿನಲ್ಲಿ ಒಬ್ಬನನ್ನು ಬಾಗಿಲಲ್ಲೇ ತಡೆದು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಅವನು ಎಷ್ಟು ಗೋಗರೆದರೂ ಬಿಡಲಿಲ್ಲ. ಇದಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ.

ನಾನು ತಗೊಂಡದ್ದು ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಪ್ಯಾಕೇಜ್. ಸುಮಾರು 3,000 ಕೊರುನಾ. ಒಂದು ಕೊರುನಾ ಅಂದರೆ ನಾಲ್ಕು ರೂಪಾಯಿ ಆಸುಪಾಸು, ಲೆಕ್ಕ ನೀವೇ ಹಾಕಿ. ಹುಡುಗ ಅದರ ಎರಡರಷ್ಟು ಕೊಟ್ಟು ದೊಡ್ಡದು ತಗೊಂಡ. "ಚಿಕ್ಕಮ್ಮ, ಇಷ್ಟು ದೂರ ಬಂದು ಎರಡು ಗನ್ ಹೊಡೆದು ಹೋಗೋದಾ?" ಅಂದ. ಅವನ ದುಡ್ಡು, ಅವನ ಇಷ್ಟ. ಪಾರ್ಟ್ ಟೈಮ್ ಕೆಲಸ ಮಾಡಿ ದುಡಿದದ್ದು.

ಮೊದಲು ಕಿವಿಗೆ ಸ್ಪಂಜಿನ ಬಿರಡೆ, ಅದರ ಮೇಲೆ ದೊಡ್ಡ ಇಯರ್ ಮಫ್, ಕಣ್ಣಿಗೆ ಕನ್ನಡಕ. ಬಿರಡೆ ಕೊಡದಿದ್ದರೆ ಕೇಳಿ ಪಡೆಯಿರಿ. ನಾಲ್ಕು ಗೋಡೆಯ ಒಳಗೆ ಗನ್ ಸದ್ದು ಕಿವಿಗೆ ಮಾತ್ರ ಕೇಳುವುದಿಲ್ಲ, ಎದೆಗೂ ಬಡಿಯುತ್ತದೆ. ಬಟ್ಟೆ ಬಗ್ಗೆಯೂ ಒಂದು ಮಾತು, ಇದನ್ನು ಗಂಡಸರು ಬರೆದ ರಿವ್ಯೂಗಳಲ್ಲಿ ನಾನು ಓದಿರಲಿಲ್ಲ. ಅಗಲ ಕತ್ತಿನ ಕುರ್ತಾ ಹಾಕಿಕೊಂಡು ಹೋಗಬೇಡಿ. ಹೊಡೆದ ಮೇಲೆ ಖಾಲಿ ತೋಟಾ ಬಲಗಡೆಗೆ ಚಿಮ್ಮುತ್ತದೆ, ಪಕ್ಕದ ತಡಿಕೆಗೆ ಬಡಿದು ನಿಮ್ಮ ಕಡೆಗೇ ಬರುತ್ತದೆ. ಅದು ಕೆಂಡದಂತೆ ಸುಡುತ್ತದೆ. ಕತ್ತಿನ ಒಳಗೆ ಬಿದ್ದರೆ ಕೈಯಲ್ಲಿ ಗನ್ ಇರುವಾಗಲೇ ಕುಣಿಯಬೇಕಾಗುತ್ತದೆ. ಕತ್ತು ಮುಚ್ಚುವ ಟೀ ಶರ್ಟು, ಮುಂದೆ ಮುಚ್ಚಿರುವ ಶೂ, ಕಟ್ಟಿದ ಕೂದಲು. ವೇಲ್ ಬೇಡವೇ ಬೇಡ.

ಇನ್‌ಸ್ಟ್ರಕ್ಟರ್ ನಲವತ್ತು ದಾಟಿದ, ಗಡ್ಡ ಬಿಟ್ಟ ಮನುಷ್ಯ. ಇಂಗ್ಲಿಷ್ ಕಡಿಮೆ, ಆದರೆ ಮಾತು ಸ್ಪಷ್ಟ. ಗನ್ ಯಾವಾಗಲೂ ತುಂಬಿದೆ ಅಂತಲೇ ತಿಳಿಯಬೇಕು, ಬಾಯಿ ಗುರಿಯ ಕಡೆಗೇ ಇರಬೇಕು, ಹೊಡೆಯುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಹೇಳಿದ್ದು ಇಷ್ಟೇ. ಆದರೆ ಅದನ್ನು ನಮ್ಮ ಬಾಯಿಂದ ತಿರುಗಿ ಹೇಳಿಸಿದರು.

ನನಗೆ ಕೊಟ್ಟದ್ದು ಸಿಝಡ್ 75. ಹೆಸರೇ ಹೇಳುವ ಹಾಗೆ 1975ರ ಚೆಕ್ ಪಿಸ್ತೂಲು. ಪೂರ್ತಿ ಉಕ್ಕು, ತೂಕ ಒಂದು ಕಿಲೋ ಹತ್ತಿರ ಹತ್ತಿರ. ಕೈಗೆ ಭಾರ ಅನ್ನಿಸಿತು, ಆದರೆ ಆ ಭಾರವೇ ಅದರ ಗುಣ. ಗುಂಡು ಹಾರಿದಾಗ ಕೈ ಅಷ್ಟಾಗಿ ಎಗರುವುದಿಲ್ಲ. ಹುಡುಗ ಹೊಡೆದ ಗ್ಲಾಕ್ ಪ್ಲಾಸ್ಟಿಕ್ ಚೌಕಟ್ಟಿನದು, ಹಗುರ. ಅದೇ 9 ಎಂಎಂ ಗುಂಡಾದರೂ ಅದು ಜಾಸ್ತಿ ಒದೆಯುತ್ತದೆ. ಹೊಸಬರಿಗೆ ಉಕ್ಕಿನದೇ ವಾಸಿ. ಗನ್ ಆರಿಸುವ ಅವಕಾಶ ಇದ್ದರೆ ನೆನಪಿಟ್ಟುಕೊಳ್ಳಿ. ಇನ್ನೊಂದು, ಎಡಗೈ ಹೆಬ್ಬೆರಳು ಪಿಸ್ತೂಲಿನ ಹಿಂಭಾಗಕ್ಕೆ ಹೋಗಬಾರದು. ಮೇಲಿನ ಸ್ಲೈಡ್ ಹಿಂದಕ್ಕೆ ಬಂದಾಗ ಚರ್ಮ ಕಿತ್ತುಕೊಂಡು ಹೋಗುತ್ತದೆ.

ಗುರಿ ಹತ್ತು ಮೀಟರ್ ದೂರದ ಕಾಗದ. ಮೊದಲ ಕೆಲವು ಗುಂಡು ಕೆಳಗೆ, ಎಡಕ್ಕೆ ಹೋದವು. ಆ ಮನುಷ್ಯ ಏನೂ ಹೇಳಲಿಲ್ಲ. ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್ ತಗೊಂಡು, ನನಗೆ ಬೆನ್ನು ಮಾಡಿ ತುಂಬಿಸಿ ಕೊಟ್ಟರು. ಎರಡು ಗುಂಡು ಹಾರಿತು. ಮೂರನೇ ಸಲ ಟ್ರಿಗರ್ ಒತ್ತಿದೆ, 'ಟಿಕ್' ಅಂತ ಶಬ್ದ ಅಷ್ಟೇ. ಗುಂಡೇ ಇಲ್ಲ, ಆದರೂ ಪಿಸ್ತೂಲಿನ ಮೂತಿ ಕೆಳಕ್ಕೆ ತಗ್ಗಿತ್ತು! ಅವರು ನಡುವೆ ಒಂದು ಡಮ್ಮಿ ತೋಟಾ ಸೇರಿಸಿದ್ದರು. ಸದ್ದು ಬರುತ್ತದೆ, ಒದೆಯುತ್ತದೆ ಅಂತ ಹೆದರಿ, ಅದು ಬರುವ ಮುಂಚೆಯೇ ಕೈ ತಾನಾಗಿ ಕೆಳಗೆ ಒತ್ತುತ್ತದೆ. ಗುಂಡು ಇದ್ದಾಗ ಆ ಒತ್ತು ಒದೆತದಲ್ಲಿ ಮುಚ್ಚಿಹೋಗುತ್ತದೆ, ಡಮ್ಮಿ ಬಂದಾಗ ಕಣ್ಣಿಗೆ ಬೀಳುತ್ತದೆ. ಎಂಥ ಸರಳ ಉಪಾಯ ನೋಡಿ. ಹತ್ತು ನಿಮಿಷ ಬಾಯಲ್ಲಿ ಹೇಳಿದ್ದರೂ ನನಗೆ ನಂಬಿಕೆ ಬರುತ್ತಿರಲಿಲ್ಲ.

ಆಮೇಲೆ ಖಾಲಿ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿಸಿದರು. ಕಣ್ಣು ಗುರಿಯ ಮೇಲಲ್ಲ, ಫ್ರಂಟ್ ಸೈಟ್, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮುಂತುದಿಯಲ್ಲಿರುವ ಸಣ್ಣ ಮೊಳೆಯಂಥದ್ದರ ಮೇಲೆ. ಗುರಿ ಮಸುಕಾಗಿ ಕಂಡರೆ ಕಾಣಲಿ. ಬೆರಳಿನ ತುದಿಯಿಂದ ನಿಧಾನಕ್ಕೆ, ಸಮವಾಗಿ ಒತ್ತು. ಗುಂಡು ಯಾವಾಗ ಹಾರಿತು ಅಂತ ನಿನಗೇ ಗೊತ್ತಾಗಬಾರದು. "ಪೊಮಲು, ಪೊಮಲು" ಅನ್ನುತ್ತಿದ್ದರು, ಅವರ ಭಾಷೆಯಲ್ಲಿ ನಿಧಾನ ಅಂತ. ಎನ್‌ಸಿಸಿ ಉಸ್ತಾದ್ ಹಿಂದಿಯಲ್ಲಿ ಬೈದು ಹೇಳಿದ್ದನ್ನೇ ಇವರು ಚೆಕ್‌ನಲ್ಲಿ ಸಮಾಧಾನವಾಗಿ ಹೇಳಿದರು ಅಷ್ಟೇ. ಪ್ಯಾಕೇಜಿನ ಗುಂಡು ಮುಗಿದಾಗ ಇನ್ನೊಂದು ಮ್ಯಾಗಜಿನ್ ಕೇಳಿದೆ. ಕೊನೆಯ ಐದು ಗುಂಡು ನನ್ನ ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. "ದೋಬ್ರ್ಝೆ" ಅಂದರು, ಚೆನ್ನಾಗಿದೆ ಅಂತ. ನನಗೆ ಅಷ್ಟೇ ಬೇಕಿತ್ತು.

ರೈಫಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಯಾಕೇಜ್ ಪಟ್ಟಿಯಲ್ಲಿ ಎಕೆ-47 ಅಂತ ಇತ್ತು, ಕೈಗೆ ಬಂದದ್ದು 1958ರ ಚೆಕ್ ರೈಫಲ್, ವಿಝಡ್ 58. ನೋಡಲು ಎಕೆ ಥರಾನೇ, ಗುಂಡೂ ಅದೇ ಅಳತೆ, ಆದರೆ ಒಳಗಿನ ಕೆಲಸ ಬೇರೆ. ಒಂದರ ಮ್ಯಾಗಜಿನ್ ಇನ್ನೊಂದಕ್ಕೆ ಕೂರುವುದಿಲ್ಲ. ಹುಡುಗ ಕಂಡುಹಿಡಿದು ಕೇಳಿದ. ಹೌದು, ಪ್ರವಾಸಿಗಳಿಗೆ ಎಕೆ ಅಂದರೇ ಅರ್ಥ ಆಗುವುದು ಅಂತ ಅವರು ನಕ್ಕರು. ನನಗಂತೂ ಚೆಕ್ ದೇಶದಲ್ಲಿ ಚೆಕ್ ರೈಫಲ್ಲೇ ಇಷ್ಟ, ಆದರೆ ಪಟ್ಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದಿತ್ತು ಅಲ್ವಾ?

ಹುಡುಗನ ಕಥೆ ಕೇಳಿ. ಗ್ಲಾಕ್, ರಿವಾಲ್ವರ್, ಸ್ಕಾರ್ಪಿಯನ್ ಅನ್ನುವ ಸಣ್ಣ ಮೆಷಿನ್ ಗನ್, ರೈಫಲ್, ಪಂಪ್ ಶಾಟ್‌ಗನ್, ದೂರ್ಬೀನು ಇಟ್ಟ ರೈಫಲ್. ಒಂದೊಂದಕ್ಕೂ ಐದಾರು ಗುಂಡು. ಒಂದು ಕೈಗೆ ಹೊಂದಿಕೊಳ್ಳುವಷ್ಟರಲ್ಲಿ ಅದರ ಗುಂಡು ಖಾಲಿ, ಇನ್ನೊಂದು ಬರುತ್ತದೆ. ಕಲಿಸಲು ಪುರುಸೊತ್ತೇ ಇಲ್ಲ. ಹಿಡಿ, ಹೊಡಿ, ಇಡು. ಹೊರಗೆ ಇಂಗ್ಲೆಂಡಿನ ಗುಂಪು ಕಾಯುತ್ತಿದ್ದ ಕಾರಣ ಅವನ ಲೇನ್‌ನಲ್ಲಿ ಇನ್ನೂ ಅವಸರ. ಶಾಟ್‌ಗನ್ ಅನ್ನು ಭುಜಕ್ಕೆ ಒತ್ತಿ ಹಿಡಿಯದೆ ಸಡಿಲ ಬಿಟ್ಟಿದ್ದ, ಸಂಜೆಗೆ ಭುಜ ನೀಲಿ. ಇಷ್ಟಾಗಿ ಅವನ ಕಾಗದ ನೋಡಿದರೆ ತೂತು ಮೂಲೆಯಲ್ಲೊಂದು, ಅಂಚಿನಲ್ಲೊಂದು. ವಿಡಿಯೋ ಮಾತ್ರ ಭರ್ಜರಿ ಬಂತು. ಆ ವಿಡಿಯೋ ಬೇಕು ಅನ್ನುವವರಿಗೆ ದೊಡ್ಡ ಪ್ಯಾಕೇಜ್ ಸರಿ, ನಾನೇನೂ ಬೇಡ ಅನ್ನುವುದಿಲ್ಲ.

ಗೋಡೆಯ ಮೇಲೆ ಹಳೇ ಗನ್‌ಗಳನ್ನು ತೂಗುಹಾಕಿದ್ದರು. ಅದರಲ್ಲಿ ಒಂದು ಮೆಷಿನ್ ಗನ್, ಮ್ಯಾಗಜಿನ್ ಮೇಲ್ಗಡೆಗೆ ಚಾಚಿಕೊಂಡಿರುವಂಥದು, ಎಲ್ಲೋ ನೋಡಿದ ಹಾಗಿತ್ತು. ಬ್ರನೋ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ ವಿಝಡ್ 26. ಇಂಗ್ಲಿಷರು ಇದನ್ನೇ ತಮ್ಮ ಗುಂಡಿಗೆ ಹೊಂದಿಸಿಕೊಂಡು ಬ್ರೆನ್ ಗನ್ ಮಾಡಿದರು. ನಮ್ಮ ಸೇನೆಯಲ್ಲಿ ಅದು ಎಷ್ಟೋ ದಶಕ ಇತ್ತು. ನಮ್ಮ ಸೋದರಮಾವ 1971ರಲ್ಲಿ ಸೇನೆಯಲ್ಲಿದ್ದವರು. ಅವರಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಅರಕಲಗೂಡಿನಿಂದ ಐದೇ ನಿಮಿಷದಲ್ಲಿ ಉತ್ತರ ಬಂತು. "ಇದು ನಮ್ಮದಲ್ಲ ಕಣಮ್ಮ. ನಮ್ಮದರ ಮ್ಯಾಗಜಿನ್ ಬಾಗಿರ್ತಿತ್ತು, ಇದು ನೆಟ್ಟಗಿದೆ." ನಿಜ. ಬ್ರೆನ್‌ಗೆ ಹಾಕುವ .303 ತೋಟಾದ ಬುಡದಲ್ಲಿ ಅಂಚು ಇರುತ್ತದೆ. ಒಂದರ ಮೇಲೊಂದು ಜೋಡಿಸಿದರೆ ಸಾಲು ಬಾಗುತ್ತದೆ, ಅದಕ್ಕೇ ಬ್ರೆನ್ ಮ್ಯಾಗಜಿನ್ ಡೊಂಕು. ಎಂಬತ್ತರ ಹತ್ತಿರದ ಮನುಷ್ಯ, ಕನ್ನಡಕ ಇಲ್ಲದೆ ಪೇಪರ್ ಓದುವುದಿಲ್ಲ, ಇದನ್ನು ಮಾತ್ರ ಫೋನಿನಲ್ಲೇ ಗುರುತು ಹಿಡಿದರು. ಆ ಗೋಡೆಯ ಬಗ್ಗೆ ಕೇಳಿದರೆ ಸಿಬ್ಬಂದಿ ಖುಷಿಯಿಂದ ಹೇಳುತ್ತಾರೆ, ಕೇಳುವವರೇ ಕಡಿಮೆ.

ಬೇಸರದ ವಿಷಯಗಳೂ ಇವೆ. ಹೆಚ್ಚಿನ ಗುಂಡಿನ ದರ ಬುಕ್ ಮಾಡುವಾಗ ಎಲ್ಲೂ ತೋರಿಸಿರಲಿಲ್ಲ, ಕೌಂಟರಿನಲ್ಲಿ ಹೇಳಿದರು, ದುಬಾರಿಯೇ. ಮೊದಲೇ ಮೇಲ್ ಬರೆದು ಕೇಳಿಟ್ಟುಕೊಳ್ಳಿ. ಗಾಳಿ ಹೊರಗೆಳೆಯುವ ಫ್ಯಾನ್ ಇತ್ತು, ಆದರೂ ಕೊನೆಕೊನೆಗೆ ಗಂಟಲಲ್ಲಿ ಮದ್ದಿನ ವಾಸನೆ ಕೂತಿತು. ಕೈ ತೊಳೆಯುವ ಜಾಗದಲ್ಲಿ ಸೋಪ್ ಮುಗಿದಿತ್ತು. ಇದು ಸಣ್ಣ ದೂರಲ್ಲ. ಗುಂಡಿನಲ್ಲಿ ಸೀಸ ಇರುತ್ತದೆ, ಅದರ ಪುಡಿ ಕೈಗೆ ಅಂಟುತ್ತದೆ, ಅದೇ ಕೈಯಲ್ಲಿ ಏನೂ ತಿನ್ನಬಾರದು. ಅಂಥ ಕಡೆ ಸೋಪ್ ಇಲ್ಲ ಅಂದರೆ ಹೇಗೆ? ಹುಡುಗ ಆಗಲೇ ಚಿಪ್ಸ್ ಪ್ಯಾಕೆಟ್ ಬಿಚ್ಚಲು ಹೊರಟಿದ್ದ, ತಡೆದೆ. ನೀವು ಒಂದು ಸಣ್ಣ ಸೋಪ್ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿ. ಬರೀ ಸ್ಯಾನಿಟೈಸರ್ ಹಚ್ಚಿದರೆ ಸೀಸ ಹೋಗುವುದಿಲ್ಲ.

ಐದಕ್ಕೆ ಎಷ್ಟು ಅಂದರೆ, ಆ ಗಡ್ಡದ ಮನುಷ್ಯನಿಗೆ ಐದು, ಅವರ ಪ್ಯಾಕೇಜ್ ಪಟ್ಟಿಗೆ ಎರಡು.

ಇನ್ನೊಂದು ವಿಷಯ. ನೆನಪಿಗೆ ಅಂತ ಖಾಲಿ ತೋಟಾ ಎತ್ತಿಕೊಂಡು ಬರುವ ಆಸೆ ಎಲ್ಲರಿಗೂ ಆಗುತ್ತದೆ. ಹುಡುಗ ಜೇಬಿಗೆ ಹಾಕಿಕೊಂಡ, ಅವನು ರೈಲಿನಲ್ಲಿ ವಾಪಸ್ ಹೋಗುವವನು. ನೀವು ವಿಮಾನ ಹತ್ತುವವರಾದರೆ ಬೇಡ. ಸ್ಕ್ಯಾನರ್‌ನಲ್ಲಿ ತೋಟಾ ಕಂಡರೆ ಅದು ಖಾಲಿಯೋ ತುಂಬಿದ್ದೋ ಅಂತ ವಿವರಿಸುತ್ತಾ ನಿಲ್ಲಬೇಕಾಗುತ್ತದೆ. ಜೇಬು, ಬ್ಯಾಗಿನ ಹೊರಗಿನ ಖಾನೆ, ಮಡಚಿದ ಪ್ಯಾಂಟಿನ ಅಂಚು ಎಲ್ಲ ಒಮ್ಮೆ ಕೊಡವಿ ನೋಡಿ. ಅಲ್ಲೇ ಬಿದ್ದಿರುತ್ತದೆ. ಹೊಡೆದ ದಿನ ಹಾಕಿದ್ದ ಬಟ್ಟೆಯಲ್ಲೇ ಮರುದಿನ ವಿಮಾನ ನಿಲ್ದಾಣಕ್ಕೂ ಹೋಗಬೇಡಿ. ಅಲ್ಲಿ ಕೈಗೂ ಬ್ಯಾಗಿಗೂ ಪಟ್ಟಿ ಒರೆಸಿ ಸ್ಫೋಟಕದ ಅಂಶ ಇದೆಯಾ ಅಂತ ನೋಡುತ್ತಾರೆ. ನಾನು ಆ ಟೀ ಶರ್ಟನ್ನು ಹೋಟೆಲಿನಲ್ಲೇ ಒಗೆದು, ಬೇರೆ ಕವರಿನಲ್ಲಿ ಹಾಕಿ ದೊಡ್ಡ ಸೂಟ್‌ಕೇಸ್‌ಗೆ ತುರುಕಿದೆ. ಗುರಿಯ ಕಾಗದ ಮಾತ್ರ ಸುರುಳಿ ಸುತ್ತಿ ಕೈಯಲ್ಲೇ ತಂದೆ. ಅದಕ್ಕೆ ಯಾರೂ ಏನೂ ಕೇಳಲಿಲ್ಲ.