ಹೆಂಗಸ್ರು ಮಕ್ಕಳ ತಂಗುದಾಣ: ನೋಡ್ಕೊಳ್ಳೋ ಅಕ್ಕನಿಗೆ ಫುಲ್ ಮಾರ್ಕ್ಸು, ವ್ಯವಸ್ಥೆಗೆ ಅಲ್ಲ

ಐದಕ್ಕೆ ಮೂರು ಸ್ಟಾರ್, ಆ ಮೂರೂ ಅಲ್ಲಿ ಕೇರ್‌ಟೇಕರ್ ಆಗಿರೋ ಅಕ್ಕನಿಗೆ. ಬೆಂಗಳೂರಲ್ಲಿ ಮನೆ ಇಲ್ಲದೋರಿಗೆ ಅಂತ ಸರ್ಕಾರದ ದುಡ್ಡಲ್ಲಿ ಒಂದು ಸಂಸ್ಥೆಯೋರು ನಡೆಸೋ ಶೆಲ್ಟರ್ ಇದು, ಹೆಸರು ಏರಿಯಾ ಹಾಕಲ್ಲ, ಒಳಗಿರೋರಿಗೆ ಸುಮ್ನೆ ತೊಂದ್ರೆ. ನಾನು ಚಿಕ್ಕಪುಟ್ಟ ಬಿಲ್ಡಿಂಗ್ ಕಾಂಟ್ರಾಕ್ಟ್ ಮಾಡೋನು. ನಮ್ ಸೈಟಲ್ಲಿದ್ದ ರಾಯಚೂರು ಕಡೆ ಫ್ಯಾಮಿಲಿ, ಗಂಡ ಹೆಂಡ್ತಿ ಮೂರು ಮಕ್ಕಳು, ಕೆಲ್ಸ ಮುಗಿದು ಶೆಡ್ ಬಿಚ್ಚಿದ್ಮೇಲೆ ಫ್ಲೈಓವರ್ ಕೆಳಗೆ ಮಲಗ್ತಿದ್ರು, ಅವ್ರನ್ನ ಸೇರಿಸೋಕೆ ಓಡಾಡ್ದಾಗ ಕಂಡಿದ್ದು ಬರೀತಿದೀನಿ.

ಸೇರಿಸೋದು ಕಷ್ಟ ಆಗ್ಲಿಲ್ಲ. ದುಡ್ಡಿಲ್ಲ, ಆಧಾರ್ ಇಲ್ಲ ಅಂದ್ರೂ ರಿಜಿಸ್ಟರಲ್ಲಿ ಹೆಸರು ಬರ್ಕೊಂಡು ಚಾಪೆ ಕಂಬಳಿ ಕೊಟ್ರು. ಜಾಗ ಕ್ಲೀನು, ಬಾತ್‌ರೂಮಿಗೆ ಚಿಲಕ ಇದೆ, ಹೆಂಗಸ್ರಿಗೆ ಅದೇ ದೊಡ್ಡದು.

ಆದ್ರೆ ನಿಜವಾಗ್ಲೂ ಉಪಯೋಗ ಆಗಿದ್ದು ಒಂದು ಕಾಗದ. ಸಂಸ್ಥೆ ಲೆಟರ್‌ಹೆಡ್ ಮೇಲೆ ಇವ್ರು ಇಲ್ಲಿ ವಾಸ ಇದಾರೆ ಅಂತ ಬರೆದು, ಫೋಟೋ ಅಂಟಿಸಿ, ಸೀಲು ಅರ್ಧ ಫೋಟೋ ಮೇಲೆ ಅರ್ಧ ಕಾಗದದ ಮೇಲೆ ಬರೋ ಹಾಗೆ ಒತ್ತಿ ಕೊಡ್ತಾರೆ. ಮಾನ್ಯತೆ ಇರೋ ಶೆಲ್ಟರಿನ ಮುಖ್ಯಸ್ಥರು ಕೊಡೋ ಸರ್ಟಿಫಿಕೇಟು ಆಧಾರ್‌ಗೆ ನಡಿಯುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹುಡ್ಗಿನ ಹತ್ರದ ಸರ್ಕಾರಿ ಸ್ಕೂಲಿಗೆ ಸೇರಿಸೋಕೂ ಅಕ್ಕನೇ ಜೊತೆಗೆ ಬಂದ್ರು. ಹೆಡ್‌ಮಾಸ್ಟ್ರು ಟಿಸಿ ತನ್ನಿ ಅಂದ್ರು, ಈಯಮ್ಮ ಕೂತ ಜಾಗದಿಂದ ಏಳಲೇ ಇಲ್ಲ, "ಸಾರ್, ಆರ್‌ಟಿಇ ಪ್ರಕಾರ ಟಿಸಿ ಲೇಟಾಯ್ತು ಅಂತ ಅಡ್ಮಿಷನ್ ತಡಿಯೋ ಹಾಗಿಲ್ಲ, ಊರಿಂದ ಆಮೇಲೆ ತರಿಸ್ಕೊಡ್ತೀವಿ, ಮಗು ಇವತ್ತೇ ಕೂರ್ಲಿ" ಅಂದ್ರು. ಕೂರಿಸ್ಕೊಂಡ್ರು. ಸಂಜೆ ಆ ತಾಯಿ ಫೋನ್ ಮಾಡಿ "ಅಣ್ಣಾರ, ಹುಡುಗಿ ಸಾಲಿಗಿ ಹೋಗಿ ಬಂದ್ಳ್ರೀ" ಅಂದ್ಲು, ಮನೆ ವಿಷಯ ಕೇಳಲೂ ಇಲ್ಲ.

ಈಗ ಕಳೆದ ಎರಡು ಸ್ಟಾರು. ಇದು ಹೆಂಗಸ್ರು ಮಕ್ಕಳ ಶೆಲ್ಟರು, ಗಂಡಸ್ರಿಗೆ ಪ್ರವೇಶ ಇಲ್ಲ, ಗಂಡ ಬೇರೆ ಕಡೆ ಗಂಡಸ್ರ ಶೆಲ್ಟರಲ್ಲಿ. ಅದಾದ್ರೂ ಸರಿ ಅನ್ನೋಣ, ಹನ್ನೆರಡು ವರ್ಷದ ಹುಡ್ಗನ್ನೂ ದೊಡ್ಡೋನು ಅಂತ ಅಪ್ಪನ ಜೊತೆ ಕಳಿಸಿದ್ರು. ಅಪ್ಪ ಬೆಳಿಗ್ಗೆನೇ ಕೂಲಿಗೆ ಹೋದ್ರೆ ಹುಡ್ಗ ಇಡೀ ದಿನ ಗೊತ್ತಿಲ್ಲದ ಗಂಡಸ್ರ ಮಧ್ಯೆ, ಅಲ್ಲಿ ಯಾರು ಕುಡಿದಿರ್ತಾರೋ ಯಾರು ಹೇಗೋ, ಅವನ ಸ್ಕೂಲು ಯಾರ ಜವಾಬ್ದಾರಿನೂ ಅಲ್ಲ. ಶಕ್ತಿ ಯೋಜನೇಲಿ ಬಸ್ ಫ್ರೀ ಇರೋದ್ರಿಂದ ತಾಯಿ ಹೋಗಿ ನೋಡ್ಕೊಂಡು ಬರ್ತಾಳೆ, ಅಷ್ಟೆ. ಈ ಶೆಲ್ಟರ್‌ಗಳು ಬಂದಿದ್ದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ, 2013ರದ್ದು. ಅದರ ಮಾರ್ಗಸೂಚೀಲಿ ಕುಟುಂಬಕ್ಕೇ ಅಂತ ಪ್ರತ್ಯೇಕ ಶೆಲ್ಟರ್ ಮಾಡ್ಬೋದು ಅಂತ ಇದೆ, ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನಕ್ಕೆ ಆಗೋಷ್ಟು ಶೆಲ್ಟರ್, ತಲೆಗೆ 50 ಚದರಡಿ ಅಂತೆಲ್ಲಾ ಇದೆ. ನಾವು ವಿಚಾರಿಸಿದ ಕಡೆ ಎಲ್ಲೂ ಫ್ಯಾಮಿಲಿಗೆ ಜಾಗ ಸಿಗ್ಲಿಲ್ಲ.

ಇನ್ನೊಂದು, ಒಲೆ ಇಲ್ಲ. ಸೇರಿ ಅಡುಗೆ ಮಾಡ್ಕೊಳ್ಳೋ ಜಾಗ, ಪಾತ್ರೆ, ಗ್ಯಾಸು ಇರ್ಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತೆ. ಊರಿನ ರೇಷನ್ ಕಾರ್ಡಲ್ಲಿ ಇಲ್ಲೂ ಅಕ್ಕಿ ತಗೋಬೋದು, ತಂದು ಬೇಯಿಸೋದೆಲ್ಲಿ? ಇಂದಿರಾ ಕ್ಯಾಂಟೀನ್ ಇರೋಹೊತ್ಗೆ ಬಚಾವ್, 2017ರಲ್ಲಿ ಶುರು ಮಾಡ್ದಾಗ ತಿಂಡಿಗೆ 5 ಊಟಕ್ಕೆ 10 ರೂಪಾಯಿ ಇಟ್ಟಿದ್ದು ಇಂಥೋರಿಗೇ. ಆದ್ರೆ ಒಂದೂವರೆ ವರ್ಷದ ಕೂಸು ಬಿಸಿಬೇಳೆಬಾತ್ ತಿನ್ನುತ್ತಾ? ಅದಕ್ಕೆ ರಾಗಿ ಸರಿ ಬೇಕು. ದಿನಾ ಎದುರುಗಡೆ ಟೀ ಅಂಗಡಿಯೋನ ಹತ್ರ ಬಿಸಿನೀರು ಬೇಡಿ ಕಲಸ್ತಾಳೆ, ಅದು ಸರಿಯಾಗಿ ಬೇಯಲ್ಲ. ಒಂದು ಸಿಂಗಲ್ ಬರ್ನರ್ ಸ್ಟೌವ್ ಇಡೋಕೆ ಏನು ರೋಗ ಇವ್ರಿಗೆ! ನಾನೇ ಕೊಡಿಸ್ತೀನಿ ಅಂದೆ, ಬೆಂಕಿ ರಿಸ್ಕು, ಮೇಲಿನೋರು ಒಪ್ಪಲ್ಲ ಅಂದ್ರು.

ಯಾರನ್ನಾದ್ರೂ ಸೇರಿಸೋಕೆ ಹೋಗೋರು ಹಗಲೊತ್ತು ಹೋಗಿ, ರಾತ್ರಿ ಹೋದ್ರೆ ವಾಚ್‌ಮನ್ ಬಿಟ್ರೆ ಮಾತಾಡೋರು ಇರಲ್ಲ. ವಾಸದ ಪತ್ರ ಮೊದಲನೇ ವಾರದಲ್ಲೇ ಕೇಳಿ ಇಸ್ಕೊಳ್ಳಿ, ನಾಲ್ಕೈದು ಜೆರಾಕ್ಸ್ ತೆಗೆದಿಡಿ. ಚಿಕ್ಕ ಮಗು ಇದ್ರೆ ಅಂಗನವಾಡಿ ಯಾವ್ದು ಅಂತ ಕೇಳಿ, ಕೇಳಿದ್ರೆ ಮಾತ್ರ ಹೇಳ್ತಾರೆ. ಲಾಕರ್ ಕೊಡ್ತಾರೆ, ಬೀಗ ಮಾತ್ರ ನೀವೇ ತಗೊಂಡ್ಹೋಗ್ಬೇಕು.